ಅಪ್ಪನ ಕಣ್ಣಿಗೆ ಲೇಸರ್ ಆದ ಮೇಲೆ ಸಾಲುಗಳು ಸೊಟ್ಟಗೆ ಕಾಣುತ್ತಿವೆ: ಓಸಿಟಿ ಸ್ಕ್ಯಾನ್ ನಿಜವಾಗಿ ಬೇಕೇ?

ಚನ್ನಗಿರಿ_ಅಡಿಕೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಗೆ ಅರವತ್ತೇಳು ವರ್ಷ, ಸಕ್ಕರೆ ಕಾಯಿಲೆ ಬಹಳ ಹಳೆಯದು. ಕಣ್ಣಿನ ಹಿಂದಿನ ಪರದೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿಕೊಂಡಿವೆ, ಹೀಗೇ ಬಿಟ್ಟರೆ ಒಳಗೆ ರಕ್ತ ಸೋರಿ ದೃಷ್ಟಿ ಹೋಗುತ್ತದೆ ಎಂದು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಲೇಸರ್ ಶುರು ಮಾಡಿದರು. ಎರಡು ಸಲ ಆಗಿದೆ, ಮೂರನೆಯದು ಬಾಕಿ. ಆಮೇಲೆ ಎಡಗಣ್ಣು.

ಎರಡನೆಯ ಸಲ ಮಾಡಿಸಿಕೊಂಡು ಬಂದ ಮೇಲೆ ಪತ್ರಿಕೆಯ ಸಾಲುಗಳು ನಡುವೆ ಸೊಟ್ಟಗಾಗಿವೆ ಎನ್ನುತ್ತಿದ್ದಾರೆ. ನೇರವಾಗಿ ನೋಡಿದ ಅಕ್ಷರ ಮಸುಕು, ಪಕ್ಕದ ಅಕ್ಷರ ಪರವಾಗಿಲ್ಲ. ಮೊದಲು ಹೀಗಿರಲಿಲ್ಲ. ಫೋನ್ ಮಾಡಿದಾಗ ಆಸ್ಪತ್ರೆಯವರು “ಕರೆದುಕೊಂಡು ಬನ್ನಿ, ಓಸಿಟಿ ತೆಗೆಯೋಣ, ಬೇಕಾದರೆ ಆಂಜಿಯೋ ಮಾಡೋಣ” ಎಂದರು. ಓಸಿಟಿ ಎಂದರೆ ಕಣ್ಣಿನ ಪರದೆಯ ಸ್ಕ್ಯಾನ್, ಆಂಜಿಯೋ ಎಂದರೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ರಕ್ತನಾಳದ ಫೋಟೋ ತೆಗೆಯುವುದಂತೆ. ನಮ್ಮ ಭಾವ ಒಪ್ಪುತ್ತಿಲ್ಲ. “ಕಣ್ಣು ಸುಟ್ಟಿದ್ದಾರೆ, ಈಗ ಸ್ಕ್ಯಾನ್ ಹೆಸರಿನಲ್ಲಿ ದುಡ್ಡು ಕೇಳುತ್ತಾರೆ, ಉಳಿದ ಲೇಸರ್ ಬೇಡವೇ ಬೇಡ” ಎಂದು ಮನೆಯಲ್ಲಿ ಜಗಳ. ಅಪ್ಪನೂ ಹೆದರಿದ್ದಾರೆ. ಅಡಿಕೆ ಕೊಯ್ಲು ಬೇರೆ ನಡೆಯುತ್ತಿದೆ. ಲೇಸರ್‌ನಿಂದಲೇ ಹೀಗಾಗಿದೆಯೇ? ಸ್ಕ್ಯಾನ್‌ನಿಂದ ಅದು ತಿಳಿಯುತ್ತದೆಯೇ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹರಿಹರದ_ಹೊಳೆ

ನಮ್ಮ ಅಮ್ಮನಿಗೂ ಲೇಸರ್ ಆದ ಮೇಲೆ ಮಂಜು ಕವಿದಿತ್ತು, ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಯಿತು. ಧೈರ್ಯ ಹೇಳಿ. ಆದರೆ ಸ್ಕ್ಯಾನ್ ಮಾತ್ರ ಬಿಡಬೇಡಿ ಅಣ್ಣ.

ನೇರಮಾತು

ನಾನು ನಿಮ್ಮ ಭಾವನ ಪರ. ನಮ್ಮ ಊರಿನಲ್ಲಿ ಈಗ ಕಣ್ಣಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಸಾಕು, ಡಾಕ್ಟರನ್ನು ನೋಡುವ ಮೊದಲೇ ಒಂದು ಯಂತ್ರದ ಮುಂದೆ ಗಲ್ಲ ಇಡಿಸುತ್ತಾರೆ. ಮೂವತ್ತು ವರ್ಷದ ಹಿಂದೆ ವೈದ್ಯರು ಕಣ್ಣಿಗೆ ಹನಿ ಹಾಕಿ, ಲೈಟು ಬಿಟ್ಟು ನೋಡಿ ಹೇಳುತ್ತಿದ್ದರು. ಆಗ ಯಾರಾದರೂ ಕುರುಡರಾದರೇ, ಗುಣವಾಗಲಿಲ್ಲವೇ? ಎಂಟು ದಿನಕ್ಕೊಂದು ಸ್ಕ್ಯಾನ್ ಬರೆದುಕೊಟ್ಟರೆ ಬಡವರು ಏನು ಮಾಡಬೇಕು? ಕೇಳುವವರೇ ಇಲ್ಲ.

ಕಣ್ಣಳತೆ

ನಾನು ದಾವಣಗೆರೆಯಲ್ಲಿಯೇ ಕಣ್ಣಿನ ವಿಭಾಗದಲ್ಲಿ ದೃಷ್ಟಿ ಪರೀಕ್ಷೆ ಮತ್ತು ಸ್ಕ್ಯಾನ್ ತೆಗೆಯುವ ಕೆಲಸ ಮಾಡುತ್ತೇನೆ. ವೈದ್ಯನಲ್ಲ, ಆದರೆ ದಿನವಿಡೀ ಇದೇ ಚಿತ್ರಗಳನ್ನು ನೋಡುತ್ತೇನೆ.

ಚನ್ನಗಿರಿ ಅಣ್ಣ, ನೀವು ಹೇಳಿದ ಲಕ್ಷಣ ಪರದೆಯ ನಡುಭಾಗದ್ದು. ಅದಕ್ಕೆ ಮ್ಯಾಕ್ಯುಲಾ ಎನ್ನುತ್ತಾರೆ. ಓದುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ನಿಮ್ಮ ತಂದೆಗೆ ಮಾಡಿರುವ ಲೇಸರ್ ನಡುಭಾಗವನ್ನು ಬಿಟ್ಟು ಸುತ್ತಲಿನ ಪರದೆಯ ಮೇಲೆ ಹಾಕುವಂಥದ್ದು. ಆದರೂ ಇಂಥ ಲೇಸರ್ ಆದ ಮೇಲೆ ಕೆಲವರಲ್ಲಿ ನಡುಭಾಗಕ್ಕೆ ನೀರು ಸೇರಿ ಊತ ಬರುತ್ತದೆ, ಅಥವಾ ಮೊದಲೇ ಇದ್ದ ಸಣ್ಣ ಊತ ದೊಡ್ಡದಾಗುತ್ತದೆ. ಇದು ಬಹಳ ಹಿಂದಿನಿಂದ ಗೊತ್ತಿರುವ ತೊಡಕು. ಬಹಳಷ್ಟು ಜನರಲ್ಲಿ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದಿಲ್ಲ. ಯಾರಲ್ಲಿ ಯಾವುದು ಎಂಬುದನ್ನು ಹೇಳುವುದಕ್ಕೇ ಓಸಿಟಿ ಬೇಕು.

ಓಸಿಟಿಯಲ್ಲಿ ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಕಣ್ಣಿಗೆ ಸರಿಯಾಗಿ ಕಾಣದ ಅತಿಗೆಂಪು ಬೆಳಕನ್ನು ಒಳಗೆ ಬಿಟ್ಟು, ಪ್ರತಿಫಲಿಸಿ ಬಂದ ಬೆಳಕಿನಿಂದ ಪರದೆಯ ಅಡ್ಡಕೊಯ್ತದ ಚಿತ್ರ ಮಾಡುತ್ತಾರೆ. ಚಿರೋಟಿಯನ್ನು ಅಡ್ಡಲಾಗಿ ಕತ್ತರಿಸಿದರೆ ಪದರಗಳು ಕಾಣುವಂತೆ ಪರದೆಯ ಪದರಗಳು ಕಾಣುತ್ತವೆ. ನೀರು ತುಂಬಿದ ಜಾಗ ಕಪ್ಪು ಗುಳ್ಳೆಗಳಾಗಿ ಕಾಣುತ್ತದೆ. ದಪ್ಪ ಎಷ್ಟು ಎಂದು ಮೈಕ್ರಾನ್ ಲೆಕ್ಕದಲ್ಲಿ ಬರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗ. ಕೆಲವೇ ನಿಮಿಷದ ಕೆಲಸ.

ಒಂದು ಮುಖ್ಯ ಪ್ರಶ್ನೆ: ಲೇಸರ್‌ಗೆ ಮೊದಲು ಓಸಿಟಿ ತೆಗೆದಿದ್ದರೇ? ಫೈಲಿನಲ್ಲಿ ಹುಡುಕಿ. ಅದು ಸಿಕ್ಕರೆ ನಿಮ್ಮ ಮನೆಯ ಜಗಳ ಅರ್ಧ ಮುಗಿಯುತ್ತದೆ.

ನೇರಮಾತು

ಕಣ್ಣಳತೆ ಸರ್, ನಿಮ್ಮ ಮನೆ ನಡೆಯುವುದೇ ಆ ಯಂತ್ರದಿಂದ. ನೀವು ಬೇಡ ಎನ್ನುತ್ತೀರಾ?

ಕಣ್ಣಳತೆ

ಬೇಡ ಎಂದ ಸಂದರ್ಭಗಳೂ ಇವೆ. ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ, ನಡುಭಾಗದಲ್ಲಿ ನೀರಿಲ್ಲ, ಹೋದ ತಿಂಗಳ ಸ್ಕ್ಯಾನ್ ಚೆನ್ನಾಗಿದೆ ಎಂದಾದರೆ ಮತ್ತೆ ಬೇಕಾಗುವುದಿಲ್ಲ. ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಆಂಜಿಯೋವನ್ನು ಪ್ರತಿ ಭೇಟಿಯಲ್ಲಿ ಮಾಡಿಸುವ ಅಗತ್ಯವಂತೂ ಇಲ್ಲ. “ಈ ಚಿತ್ರ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗಬಹುದು?” ಎಂದು ಕೇಳಿ. ಕೇಳುವುದು ರೋಗಿಯ ಹಕ್ಕು. ಸಮಾಧಾನವಾಗುವ ಉತ್ತರ ಬಂದರೆ ಮಾಡಿಸಿ, ಬರದಿದ್ದರೆ ಇನ್ನೊಬ್ಬರನ್ನು ಕೇಳಿ. ಆದರೆ ಲೇಸರ್ ಆದ ಮೇಲೆ ಸಾಲು ಸೊಟ್ಟಗೆ ಕಂಡಾಗ ಅದಕ್ಕೆ ಉತ್ತರ ಖಂಡಿತ ಇದೆ: ಊತ ಇದ್ದರೆ ಮುಂದಿನ ಲೇಸರ್ ಯಾವಾಗ, ಮೊದಲು ಊತ ಇಳಿಸಲು ಕಣ್ಣಿನೊಳಗೆ ಇಂಜೆಕ್ಷನ್ ಬೇಕೇ ಎಂಬುದು ಆ ಚಿತ್ರದ ಮೇಲೆಯೇ ನಿಂತಿದೆ.

ಹಳೇ_ಮೇಷ್ಟ್ರು

ನೇರಮಾತು ಅವರೇ, ಮೂವತ್ತು ವರ್ಷದ ಹಿಂದಿನ ಮಾತು ಎತ್ತಿದ್ದೀರಿ, ನಾನು ಆ ಕಾಲದ ರೋಗಿ. 1990ರ ದಶಕದಲ್ಲಿ ನನ್ನ ಎರಡೂ ಕಣ್ಣಿಗೆ ಬೆಂಗಳೂರಿನಲ್ಲಿ ಲೇಸರ್ ಆಯಿತು. ಒಂದು ಕಣ್ಣಿಗೆ ಸುತ್ತಲಿನ ಲೇಸರ್, ಇನ್ನೊಂದಕ್ಕೆ ನಡುಭಾಗದ ಊತಕ್ಕೆಂದು ಹತ್ತಿರದಲ್ಲಿಯೇ ಚುಕ್ಕೆ ಚುಕ್ಕೆಯಾಗಿ ಹಾಕಿದರು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ಅಲ್ಲವೇ ಬೇರೆ ಜಿಲ್ಲೆಯಾದದ್ದು. ಇಲ್ಲಿಂದ ರೈಲು ಹತ್ತಿ ಹೋಗುತ್ತಿದ್ದೆವು.

ಲೇಸರ್ ನನ್ನ ಕಣ್ಣು ಉಳಿಸಿತು. ನಿವೃತ್ತಿಯವರೆಗೆ ಪಾಠ ಮಾಡಿದ್ದೇನೆ, ಉತ್ತರ ಪತ್ರಿಕೆ ತಿದ್ದಿದ್ದೇನೆ. ಆದರೆ ನಡುಭಾಗದ ಹತ್ತಿರ ಹಾಕಿದ ಆ ಚುಕ್ಕೆಗಳ ಗಾಯದ ಗುರುತು ವರ್ಷ ಕಳೆದಂತೆ ಅಗಲವಾಗುತ್ತ ಬಂದಿದೆ. ನೋಡಿದ ಕಡೆಯ ಪಕ್ಕದಲ್ಲಿ ಒಂದು ಬೂದು ಮಚ್ಚೆ. ಮೊದಲು ಸಣ್ಣದಿತ್ತು, ಈಗ ಒಂದು ಇಡೀ ಪದವನ್ನು ನುಂಗುತ್ತದೆ. ಇದನ್ನು ಹಿಡಿದದ್ದು ಚಿತ್ರವೇ. ಆಟೋಫ್ಲೋರೆಸೆನ್ಸ್ ಎಂಬ ಫೋಟೋದಲ್ಲಿ ಹಳೆಯ ಸುಟ್ಟ ಗುರುತುಗಳು ಕಪ್ಪಾಗಿ ಕಾಣುತ್ತವೆ, ಅವುಗಳ ಅಂಚು ಎಲ್ಲಿಯವರೆಗೆ ಬಂದಿದೆ ಎಂದು ವರ್ಷ ವರ್ಷವೂ ಅಳೆಯಬಹುದು. ಲೈಟು ಬಿಟ್ಟು ನೋಡುತ್ತಿದ್ದ ಕಾಲದಲ್ಲಿ “ಎಲ್ಲ ಸರಿಯಿದೆ ಮೇಷ್ಟ್ರೇ” ಎಂದೇ ಕಳುಹಿಸುತ್ತಿದ್ದರು. ಹಿಂದೆ ಯಾರಾದರೂ ಕುರುಡರಾದರೇ ಎಂದು ಕೇಳಿದಿರಿ. ಆದರು ಸ್ವಾಮಿ, ನನ್ನ ಜೊತೆಯವರಲ್ಲಿಯೇ ಆದರು.

ರೆಟಿನಾ_ಕಲಿಕೆ

ನೇತ್ರ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ್ದು ಪಠ್ಯದಲ್ಲಿರುವ ವಿಷಯವೇ. ನಡುಭಾಗದ ಲೇಸರ್‌ನ ಗಾಯ ನಿಧಾನವಾಗಿ ಹಿಗ್ಗುವುದು, ಅಪರೂಪಕ್ಕೆ ಅದೇ ಗಾಯದ ಅಂಚಿನಲ್ಲಿ ಪರದೆಯ ಕೆಳಗಿನಿಂದ ಹೊಸ ರಕ್ತನಾಳ ನುಗ್ಗುವುದು, ಎರಡೂ ಗೊತ್ತಿರುವ ತೊಡಕುಗಳು. ಎರಡನೆಯದನ್ನು ಓಸಿಟಿ ಮತ್ತು ಆಂಜಿಯೋ ಚಿತ್ರಗಳಿಂದ ಪತ್ತೆ ಮಾಡುತ್ತಾರೆ. ಮೇಷ್ಟ್ರೇ, ಮಚ್ಚೆ ಇದ್ದಕ್ಕಿದ್ದಂತೆ ದೊಡ್ಡದಾದರೆ, ಗೆರೆಗಳು ಬಾಗಿದಂತೆ ಕಂಡರೆ ವರ್ಷದ ತಪಾಸಣೆಗೆ ಕಾಯಬೇಡಿ. ಇಂಜೆಕ್ಷನ್‌ಗೆ ಬಗ್ಗುವ ಕಾಯಿಲೆ ಅದು.

ಇನ್ನು ನಡುಭಾಗದ ಊತಕ್ಕೆ ಮೊದಲಿನಂತೆ ಲೇಸರ್ ಹೆಚ್ಚು ಬಳಸುವುದಿಲ್ಲ. ಸರಿ ನಡುವೆಯೇ ಊತವಿದ್ದು ದೃಷ್ಟಿ ಕುಗ್ಗಿದ್ದರೆ ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಮೊದಲ ಆಯ್ಕೆ. ಸುತ್ತಲಿನ ಲೇಸರ್ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಈ ಲೇಸರ್ ತೀವ್ರ ದೃಷ್ಟಿನಾಶದ ಅಪಾಯವನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಿತು. ಅದೇ ಅಧ್ಯಯನ ಅಡ್ಡಪರಿಣಾಮಗಳನ್ನೂ ಮುಚ್ಚಿಡಲಿಲ್ಲ: ಅಕ್ಕಪಕ್ಕದ ನೋಟ ಕುಗ್ಗುವುದು, ಸ್ವಲ್ಪ ದೃಷ್ಟಿ ಇಳಿಯುವುದು ಅಲ್ಲಿಯೇ ದಾಖಲಾಗಿವೆ.

ಚನ್ನಗಿರಿ_ಅಡಿಕೆ

ಫೈಲಿನಲ್ಲಿ ಸಿಕ್ಕಿತು! ಮೊದಲ ಲೇಸರ್‌ಗೆ ಮುಂಚೆ ತೆಗೆದ ಹಾಳೆ. ಬಲಗಣ್ಣಿನ ನಡುವಿನ ದಪ್ಪ 262 ಎಂದಿದೆ. ಇದು ಒಳ್ಳೆಯದೇ ಕೆಟ್ಟದ್ದೇ?

ಕಣ್ಣಳತೆ

ಇಂದಿನ ಬಹುಪಾಲು ಯಂತ್ರಗಳ ಲೆಕ್ಕದಲ್ಲಿ ಸಹಜಕ್ಕೆ ಹತ್ತಿರ. ಅಂದರೆ ಮೊದಲು ಹೇಳಿಕೊಳ್ಳುವಂಥ ಊತವಿರಲಿಲ್ಲ. ಈಗ ಅದೇ ಯಂತ್ರದಲ್ಲಿ ಮತ್ತೆ ತೆಗೆಸಿ. “ಅದೇ ಯಂತ್ರ” ಎಂದು ಒತ್ತಿ ಹೇಳುತ್ತಿದ್ದೇನೆ. ಬೇರೆ ಬೇರೆ ಕಂಪನಿಯ ಯಂತ್ರಗಳು ಪರದೆಯ ಕೆಳಗಿನ ಗೆರೆಯನ್ನು ಬೇರೆ ಬೇರೆ ಪದರದಲ್ಲಿ ಎಳೆಯುತ್ತವೆ. ಒಂದೇ ಕಣ್ಣು, ಒಂದೇ ದಿನ, ಎರಡು ಯಂತ್ರದಲ್ಲಿ ಎರಡು ಅಂಕಿ. ಒಂದು ಹಾಳೆ ದಾವಣಗೆರೆಯದು, ಇನ್ನೊಂದು ಹುಬ್ಬಳ್ಳಿಯದು ಹಿಡಿದುಕೊಂಡು “ಇಪ್ಪತ್ತು ಮೈಕ್ರಾನ್ ಜಾಸ್ತಿಯಾಗಿದೆ” ಎಂದು ಅಳುತ್ತ ಬಂದವರನ್ನು ನೋಡಿದ್ದೇನೆ. ಊತ ಎಳ್ಳಷ್ಟೂ ಹೆಚ್ಚಿರಲಿಲ್ಲ.

ಇನ್ನೂ ಒಂದು. ಬಣ್ಣಬಣ್ಣದ ನಕ್ಷೆಯನ್ನೊಂದೇ ನಂಬಬೇಡಿ. ಕಣ್ಣಿನ ಪೊರೆ (ಕ್ಯಾಟರಾಕ್ಟ್) ಇದ್ದರೆ, ಕಣ್ಣು ಒಣಗಿದ್ದರೆ, ಒಳಗೆ ರಕ್ತವಿದ್ದರೆ ಚಿತ್ರ ಮಸುಕಾಗಿ ಯಂತ್ರ ಗೆರೆಯನ್ನೇ ತಪ್ಪು ಎಳೆದುಬಿಡುತ್ತದೆ. ಆಗ ಅಂಕಿಯೂ ತಪ್ಪು. ಅಡ್ಡಕೊಯ್ತದ ಚಿತ್ರವನ್ನು ವೈದ್ಯರು ಕಣ್ಣಾರೆ ನೋಡಬೇಕು.

ದುರ್ಗದ_ಬತೇರಿ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಎಲ್ಲರೂ ಓಸಿಟಿ ಓಸಿಟಿ ಎನ್ನುತ್ತಿದ್ದೀರಿ. ನಮ್ಮ ಅತ್ತೆಯವರ ವಿಷಯದಲ್ಲಿ ಕಾಯಿಲೆ ಬೇರೆಯೇ ಆಗಿತ್ತು, ಆದ್ದರಿಂದ ಬರೆಯಲೇಬೇಕು.

ಅವರಿಗೆ ಒಂದೇ ಸಲಕ್ಕೆ ಬಹಳ ಲೇಸರ್ ಹಾಕಿದ್ದರು. ಆ ದಿನ ರಾತ್ರಿಯೇ ಕಣ್ಣು ಸಿಡಿಯುವಂಥ ನೋವು, ತಲೆನೋವು, ವಾಂತಿ. ಪಿತ್ತ ಎಂದುಕೊಂಡು ಮನೆಯಲ್ಲಿ ಜೀರಿಗೆ ಕಷಾಯ ಕೊಡುತ್ತಿದ್ದರು. ನಾನು ಹಠ ಹಿಡಿದು ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದೆ. ಕಣ್ಣಿನ ಒತ್ತಡ ಏರಿತ್ತು. ರೆಪ್ಪೆಯ ಮೇಲೆ ಜೆಲ್ ಹಚ್ಚಿ ಬಿ-ಸ್ಕ್ಯಾನ್ ಮಾಡಿದರು, ಅದು ಬಸುರಿಯರಿಗೆ ಮಾಡುವ ಜಾತಿಯದೇ ಅಲ್ಟ್ರಾಸೌಂಡ್. ಪರದೆಯ ಹಿಂದಿನ ರಕ್ತನಾಳದ ಪದರದ ಅಡಿ ನೀರು ತುಂಬಿಕೊಂಡು, ಅದು ಮುಂದಕ್ಕೆ ತಳ್ಳಿ, ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆಯೇ ಮುಚ್ಚಿಹೋಗಿತ್ತು. ಹನಿ ಔಷಧಿ, ಒತ್ತಡ ಇಳಿಸುವ ಮಾತ್ರೆ ಕೊಟ್ಟರು, ಕೆಲವೇ ದಿನಗಳಲ್ಲಿ ನೀರು ಹೀರಿಕೊಂಡಿತು. ಈಗ ಆರಾಮಾಗಿದ್ದಾರೆ. ಸಾಮಾನ್ಯ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಎಂದುಕೊಂಡು ಬೇರೆ ಹನಿ ಹಾಕಿದ್ದರೆ ತೊಂದರೆ ಹೆಚ್ಚಾಗುತ್ತಿತ್ತು ಎಂದು ವೈದ್ಯರು ಹೇಳಿದರು.

ಲೇಸರ್ ಆದ ದಿನ ಸ್ವಲ್ಪ ನೋವು ಸಹಜ ಎಂದು ಎಲ್ಲರೂ ಹೇಳುತ್ತಾರೆ. ನೋವಿನ ಜೊತೆ ವಾಂತಿ, ಮಂಜು ಬಂದರೆ ಸಹಜವಲ್ಲ ಎಂದು ಯಾರೂ ಹೇಳಿ ಕಳುಹಿಸುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ನೇರಮಾತು

ನೋಡಿ! ಒಂದೇ ಸಲಕ್ಕೆ ಅಷ್ಟು ಹಾಕಿದ್ದರಿಂದಲೇ ಅಲ್ಲವೇ? ರೋಗಿಯನ್ನು ಬೇಗ ಮುಗಿಸಿ ಕಳುಹಿಸುವ ಆತುರ.

ರೆಟಿನಾ_ಕಲಿಕೆ

ಬತೇರಿ ಅಕ್ಕಾ, ನೀವು ಹಠ ಹಿಡಿದದ್ದು ಕಣ್ಣು ಉಳಿಸಿದೆ. ಆ ತೊಡಕು ಹೆಚ್ಚು ಲೇಸರ್ ಒಟ್ಟಿಗೆ ಬಿದ್ದಾಗ ಬರುವ ಸಾಧ್ಯತೆ ಜಾಸ್ತಿ ಎಂಬುದು ನಿಜ. ಅದಕ್ಕಾಗಿಯೇ ಹಲವರು ಒಂದೆರಡು ವಾರ ಬಿಟ್ಟು ಬಿಟ್ಟು ಮಾಡುತ್ತಾರೆ.

ಆದರೆ ನೇರಮಾತು ಅವರೇ, “ಒಂದೇ ಸಲ” ಎಂದಾಕ್ಷಣ ಆತುರ ಎನ್ನಬೇಡಿ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನೇ ನೋಡಿತ್ತು: ಒಂದೇ ಸಲಕ್ಕೆ ಮುಗಿಸಿದವರು ಒಂದು ಕಡೆ, ನಾಲ್ಕು ಸಲಕ್ಕೆ ಹಂಚಿದವರು ಇನ್ನೊಂದು ಕಡೆ, ಎಲ್ಲರಿಗೂ ಓಸಿಟಿ. ಮೊದಲಿಗೆ ನಡುಭಾಗದಲ್ಲಿ ಊತ ಇಲ್ಲದವರಲ್ಲಿ, ಅತಿ ಕಡಿಮೆ ಇದ್ದವರಲ್ಲಿ, ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮೊಳಕಾಲ್ಮೂರಿನ ಕೊನೆಯ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಮತ್ತೆ ಬರುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದರೆ ವೈದ್ಯರು ಒಂದೇ ಸಲ ಹೆಚ್ಚು ಹಾಕುವುದಕ್ಕೂ ಅರ್ಥವಿದೆ.

ಮೊಳಕಾಲ್ಮೂರು_ಮಗ್ಗ

ಮೊಳಕಾಲ್ಮೂರು ಎಂದಿರಿ, ನಾನು ಅಲ್ಲಿಯವನೇ. ರೇಷ್ಮೆ ಸೀರೆ ನೇಯುವ ಮನೆ. ನಮ್ಮ ಅಣ್ಣನಿಗೆ ಲೇಸರ್ ಆದ ಸ್ವಲ್ಪ ಕಾಲಕ್ಕೆ ಕಣ್ಣ ಮುಂದೆ ಕಪ್ಪು ಎಳೆಗಳು ತೇಲಲು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಆ ಕಣ್ಣು ಪೂರಾ ಹೊಗೆ. ಮಗ್ಗದಲ್ಲಿ ಎಳೆ ತುಂಡಾದರೆ ಗುರುತಿಸಲು ಆಗಲಿಲ್ಲ. ಇದೂ ಲೇಸರ್‌ನ ತಪ್ಪೇ?

ಕಣ್ಣಳತೆ

ಒಳಗೆ ರಕ್ತ ಸೋರಿದ್ದು. ಬಹಳ ಸಲ ಅದು ಕಾಯಿಲೆಯದೇ ಕೆಲಸ. ಲೇಸರ್ ಹಾಕಿದ ಮರುದಿನವೇ ಹೊಸ ರಕ್ತನಾಳಗಳು ಒಣಗುವುದಿಲ್ಲ, ವಾರಗಳು ಬೇಕು. ಆ ನಡುವೆ ಸೋರಬಹುದು. ಅವು ಕುಗ್ಗುವಾಗ ಜೊತೆಗಿರುವ ನಾರಿನಂಥ ಪೊರೆ ಎಳೆದುಕೊಂಡೂ ಸೋರಬಹುದು. ರಕ್ತ ತುಂಬಿದ ಕಣ್ಣಿನಲ್ಲಿ ಓಸಿಟಿಯ ಬೆಳಕು ಒಳಗೆ ಹೋಗುವುದಿಲ್ಲ, ಫೋಟೋ ಬರುವುದಿಲ್ಲ. ಆಗ ಶಬ್ದದ ಅಲೆಯ ಬಿ-ಸ್ಕ್ಯಾನ್ ಒಂದೇ ದಾರಿ. ಬರಿಯ ರಕ್ತವೋ, ಹಿಂದೆ ಪರದೆ ತನ್ನ ಜಾಗದಿಂದ ಕಳಚಿ ಎದ್ದಿದೆಯೋ ಎಂದು ಅದು ತೋರಿಸುತ್ತದೆ. ಬರಿಯ ರಕ್ತವಾದರೆ ಕಾಯುವುದೋ ಇಂಜೆಕ್ಷನ್ನೋ ಯೋಚಿಸುತ್ತಾರೆ. ಪರದೆ ಎದ್ದು ನಡುಭಾಗಕ್ಕೆ ಬರುತ್ತಿದ್ದರೆ ಶಸ್ತ್ರಚಿಕಿತ್ಸೆ, ತಡಮಾಡುವಂತಿಲ್ಲ. ಅಣ್ಣನಿಗೆ ಬಿ-ಸ್ಕ್ಯಾನ್ ಆಗಿದೆಯೇ?

ಮೊಳಕಾಲ್ಮೂರು_ಮಗ್ಗ

ಆಗಿದೆ ಸರ್. ಪರದೆ ಅಂಟಿಕೊಂಡೇ ಇದೆ ಎಂದರು. ತಲೆದಿಂಬು ಎತ್ತರ ಇಟ್ಟು ಮಲಗಲು ಹೇಳಿದರು. ಈಗ ಮೇಲಿನ ಭಾಗ ತಿಳಿಯಾಗುತ್ತಿದೆ. ತಿಳಿಯಾದ ಮೇಲೆ ಉಳಿದ ಲೇಸರ್ ಎಂದಿದ್ದಾರೆ.

ಜಗಳೂರು_ಜೋಳ

ಇಷ್ಟೆಲ್ಲ ಯಾಕೆ? ನಮ್ಮ ಕಡೆ ಒಬ್ಬರು ಸೊಪ್ಪಿನ ರಸ ಹಿಂಡಿ ಕಣ್ಣಿಗೆ ಬಿಡುತ್ತಾರೆ. ಜೇನುತುಪ್ಪವೂ ಒಳ್ಳೆಯದು. ಎಷ್ಟೋ ಜನಕ್ಕೆ ವಾಸಿಯಾಗಿದೆ.

ದುರ್ಗದ_ಬತೇರಿ

ದಯವಿಟ್ಟು ಇಂಥದ್ದನ್ನು ಇಲ್ಲಿ ಬರೆಯಬೇಡಿ. ತೊಂದರೆ ಇರುವುದು ಕಣ್ಣಿನ ಹಿಂದಿನ ಪರದೆಯಲ್ಲಿ. ಮುಂದೆ ಬಿಟ್ಟ ರಸ ಅಲ್ಲಿಗೆ ಹೋಗುವುದೇ ಇಲ್ಲ, ಕಪ್ಪುಗುಡ್ಡೆಗೆ ಸೋಂಕು ತಗಲಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಆ ಹುಣ್ಣು ಬೇಗ ಮಾಯುವುದೂ ಇಲ್ಲ.

ಜಗಳೂರು_ಜೋಳ

ಹಿರಿಯರು ಹೇಳಿದ್ದನ್ನು ಹೇಳಿದೆ. ಯಾರಿಗೂ ಕೆಟ್ಟದ್ದಾಗಲಿ ಎಂದಲ್ಲ.

ಹಳೇ_ಮೇಷ್ಟ್ರು

ತಮ್ಮಾ, ನಿನ್ನ ಮನಸ್ಸು ಒಳ್ಳೆಯದೇ. ಆದರೆ ಔಷಧಿ ಹಾಕುವ ಮೊದಲು ಕಾಯಿಲೆ ಎಲ್ಲಿದೆ ಎಂದು ನೋಡಬೇಕಲ್ಲ.

ಬೆಣ್ಣೆ_ಬೀದಿ

ವಿಷಯ ಸ್ವಲ್ಪ ಬದಲಾಯಿಸುತ್ತೇನೆ. ಲೇಸರ್, ಸ್ಕ್ಯಾನ್ ಎಲ್ಲ ಸರಿ, ಸಕ್ಕರೆ ಹತೋಟಿಗೆ ಯಾರೂ ಒಂದು ಮಾತು ಬರೆದಿಲ್ಲ. ನಮ್ಮ ಊರಿನ ಬೆಣ್ಣೆದೋಸೆ, ಸಂಜೆಯ ಮಂಡಕ್ಕಿ ಮಿರ್ಚಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ನಮ್ಮ ಮಾವನವರು ಕಣ್ಣಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ಬಿಪಿ ಮಾತ್ರೆ ಮಾತ್ರ ನೆನಪಾದಾಗ ನುಂಗುತ್ತಾರೆ.

ರೆಟಿನಾ_ಕಲಿಕೆ

ಇದು ವಿಷಯಾಂತರವೇ ಅಲ್ಲ. ಲೇಸರ್ ನಂತರದ ಊತ ಇಳಿಯದಿರುವುದಕ್ಕೆ ಬಿಪಿ, ಕಿಡ್ನಿಯ ತೊಂದರೆ, ರಕ್ತಹೀನತೆ ಕಾರಣವಾಗಿರಬಹುದು. ಸಕ್ಕರೆಗೆ ಕೊಡುವ ಪಯೋಗ್ಲಿಟಾಜೋನ್ ಎಂಬ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸುತ್ತದೆ, ಕೆಲವರಲ್ಲಿ ಕಣ್ಣಿನ ಊತವನ್ನೂ ಹೆಚ್ಚಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿ.

ಹೆದ್ದಾರಿ_48

ನನ್ನದು ಬೇರೆ ಸಂಕಟ. ಲಾರಿ ಓಡಿಸುತ್ತೇನೆ, ಬೆಂಗಳೂರಿನಿಂದ ಪುಣೆಯವರೆಗೆ. ಎರಡೂ ಕಣ್ಣಿಗೆ ಲೇಸರ್ ಮುಗಿದಿದೆ. ಓಸಿಟಿಯಲ್ಲಿ ನಡುಭಾಗ ಚೆನ್ನಾಗಿದೆ, ಬೋರ್ಡ್ ಕೊನೆಯ ಸಾಲಿನವರೆಗೆ ಓದುತ್ತೇನೆ. ಆದರೆ ರಾತ್ರಿ ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೋಗುವಾಗ ಪಕ್ಕದಿಂದ ಬೈಕು ಬಂದದ್ದು ತಿಳಿಯುವುದಿಲ್ಲ. ಎದುರಿನ ವಾಹನದ ದೀಪ ಬಡಿದರೆ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಸ್ಕ್ಯಾನ್ ಸರಿಯಿದೆ, ನಿನ್ನದು ಮನಸ್ಸಿನ ಭ್ರಮೆ ಎಂದು ಮಾಲೀಕರು ಹೇಳುತ್ತಾರೆ.

ಕಣ್ಣಳತೆ

ಭ್ರಮೆಯಲ್ಲ ಅಣ್ಣ. ಆ ಸ್ಕ್ಯಾನ್ ನಡುವಿನ ಕೆಲವೇ ಮಿಲಿಮೀಟರ್ ನೋಡುತ್ತದೆ. ನಿಮ್ಮ ತೊಂದರೆ ಅದರ ಹೊರಗಿದೆ. ಕತ್ತಲಲ್ಲಿ ನೋಡುವ ಕೋಶಗಳು ಹೆಚ್ಚಾಗಿರುವುದು ನಡುಭಾಗದ ಸುತ್ತ, ಲೇಸರ್ ಬೀಳುವುದೂ ಅಲ್ಲಿಯೇ. ಪೂರ್ಣ ಚಿಕಿತ್ಸೆಯಲ್ಲಿ ಒಂದು ಕಣ್ಣಿಗೆ ಸಾವಿರದ ಇನ್ನೂರು, ಸಾವಿರದ ಆರುನೂರು ಚುಕ್ಕೆ ಹಾಕುವ ರೂಢಿ. ಸಣ್ಣ ಹೊಡೆತದ ಹೊಸ ಯಂತ್ರಗಳಲ್ಲಿ ಇನ್ನೂ ಹೆಚ್ಚು. ಪರದೆಯ ಅಂಚಿನ ಒಂದು ಭಾಗವನ್ನು ಬಿಟ್ಟುಕೊಟ್ಟು ನಡುವನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದು.

ನೀವು ಕೇಳಬೇಕಾದದ್ದು ಎರಡು. ಒಂದು ಫೀಲ್ಡ್ ಟೆಸ್ಟ್: ಬಟ್ಟಲಿನಂಥ ಯಂತ್ರದೊಳಗೆ ನೋಡುತ್ತ, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತುವುದು. ಎಷ್ಟು ನೋಟ ಉಳಿದಿದೆ ಎಂದು ಅದು ಹೇಳುತ್ತದೆ. ಇನ್ನೊಂದು ಅಗಲ ನೋಟದ ಫೋಟೋ. ಸಾಮಾನ್ಯ ಕ್ಯಾಮೆರಾ ಒಮ್ಮೆಗೆ ಮೂವತ್ತರಿಂದ ಐವತ್ತು ಡಿಗ್ರಿ ಹಿಡಿದರೆ ಇದು ಇನ್ನೂರು ಡಿಗ್ರಿಯವರೆಗೆ ಹಿಡಿಯುತ್ತದೆ. ಲೇಸರ್ ಎಲ್ಲೆಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟುಹೋಗಿದೆ ಎಲ್ಲ ಒಂದೇ ಚಿತ್ರದಲ್ಲಿ. ಅದು ಎಲ್ಲ ಕಡೆ ಇರುವುದಿಲ್ಲ, ಫೀಲ್ಡ್ ಟೆಸ್ಟ್ ಇರುತ್ತದೆ. ಮೊದಲು ಅದನ್ನು ಮಾಡಿಸಿ. ಅಲ್ಲಿಯವರೆಗೆ ರಾತ್ರಿ ಸ್ಟಿಯರಿಂಗ್ ಹಿಡಿಯಬೇಡಿ, ಕೈಮುಗಿದು ಹೇಳುತ್ತೇನೆ.

ಹೆದ್ದಾರಿ_48

ಹಗಲಿನ ಟ್ರಿಪ್ ಕೇಳುತ್ತೇನೆ ಸರ್. ಕಾಗದದಲ್ಲಿ ಬರೆದುಕೊಟ್ಟರೆ ಮಾಲೀಕರೂ ನಂಬುತ್ತಾರೆ. ಇಷ್ಟು ದಿನ ಯಾರೂ ಈ ಪರೀಕ್ಷೆಯ ಹೆಸರನ್ನೇ ಹೇಳಿರಲಿಲ್ಲ.

ನೇರಮಾತು

ಹಾಗಾದರೆ ಲೇಸರ್ ಬದಲು ಎಲ್ಲರಿಗೂ ಇಂಜೆಕ್ಷನ್ ಕೊಡಬಹುದಲ್ಲ? ಅದರಲ್ಲಿ ಸುಡುವುದಿಲ್ಲ, ನೋಟ ಕುಗ್ಗುವುದಿಲ್ಲ.

ರೆಟಿನಾ_ಕಲಿಕೆ

ಒಳ್ಳೆಯ ಪ್ರಶ್ನೆ. 2015ರಲ್ಲಿ ಬಂದ ಅಧ್ಯಯನವೊಂದರಲ್ಲಿ ಹೊಸ ರಕ್ತನಾಳಗಳನ್ನು ಕುಗ್ಗಿಸುವ ರಾನಿಬಿಜುಮ್ಯಾಬ್ ಇಂಜೆಕ್ಷನ್ ಪಡೆದವರ ದೃಷ್ಟಿ ಎರಡು ವರ್ಷಕ್ಕೆ ಲೇಸರ್ ಆದವರಿಗಿಂತ ಕಡಿಮೆಯೇನೂ ಇರಲಿಲ್ಲ, ಅಕ್ಕಪಕ್ಕದ ನೋಟವೂ ಹೆಚ್ಚು ಉಳಿದಿತ್ತು. ಆದರೆ ಅದು ಬಿಡದೆ ಬಂದವರ ಫಲಿತಾಂಶ. ಬರೀ ಇಂಜೆಕ್ಷನ್ ತೆಗೆದುಕೊಂಡು ನಡುವೆ ತಿಂಗಳುಗಟ್ಟಲೆ ಬರುವುದನ್ನು ನಿಲ್ಲಿಸಿದವರು, ಲೇಸರ್ ಮಾಡಿಸಿಕೊಂಡು ಬರುವುದನ್ನು ನಿಲ್ಲಿಸಿದವರಿಗಿಂತ ಹೆಚ್ಚು ದೃಷ್ಟಿ ಕಳೆದುಕೊಂಡದ್ದು ಆಮೇಲೆ ವರದಿಯಾಯಿತು. ಔಷಧಿ ಇಳಿದ ಕೂಡಲೇ ರಕ್ತನಾಳಗಳು ಮತ್ತೆ ಎದ್ದು ಪರದೆಯನ್ನು ಎಳೆದು ಕಿತ್ತವು. ಈಗ ಹೇಳಿ, ಅಡಿಕೆ ಕೊಯ್ಲು, ಮೆಕ್ಕೆಜೋಳದ ರಾಶಿ, ಮನೆಯ ಮದುವೆ ಇವುಗಳ ನಡುವೆ ನಮ್ಮ ರೈತರು ತಿಂಗಳು ತಿಂಗಳು ತಪ್ಪದೆ ಬರುತ್ತಾರೆಯೇ? ಆದ್ದರಿಂದ ಲೇಸರ್ ನಮ್ಮ ಕಡೆ ಇನ್ನೂ ಬೇಕು. ಅದರ ತೊಡಕನ್ನು ಚಿತ್ರದಿಂದ ಬೇಗ ಹಿಡಿಯಬೇಕು.

ನೇರಮಾತು

ಇದನ್ನು ಒಪ್ಪುತ್ತೇನೆ. ನನ್ನ ಸಿಟ್ಟು ಸ್ಕ್ಯಾನ್ ಮೇಲಲ್ಲ, ಏಕೆ ಎಂದು ವಿವರಿಸದೆ ಬಿಲ್ ಮಾತ್ರ ಕೊಡುವವರ ಮೇಲೆ. ರೋಗಿಗೆ ಚಿತ್ರ ತೋರಿಸಿ ಎರಡು ನಿಮಿಷ ಮಾತನಾಡಲಿ.

ಹೊಸದುರ್ಗ_ತೆಂಗು

ನನ್ನ ಯಜಮಾನರಿಗೆ ಕಿಡ್ನಿ ತೊಂದರೆಯೂ ಇದೆ. ಕಣ್ಣಿನ ಆಂಜಿಯೋ ಬರೆದಿದ್ದಾರೆ. ಆ ಬಣ್ಣದಿಂದ ಕಿಡ್ನಿ ಪೂರ್ತಿ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಯಾರಾದರೂ ಹೇಳಿ.

ರೆಟಿನಾ_ಕಲಿಕೆ

ಅಮ್ಮ, ಸಿಟಿ ಸ್ಕ್ಯಾನ್‌ಗೆ ಮತ್ತು ಹೃದಯದ ಆಂಜಿಯೋಗೆ ಕೊಡುವುದು ಅಯೋಡಿನ್ ಇರುವ ಔಷಧಿ. ಕಣ್ಣಿಗೆ ಬಳಸುವುದು ಫ್ಲೋರೆಸೀನ್, ಬೇರೆಯೇ ಪದಾರ್ಥ. ಕಣ್ಣಿನ ಚಿತ್ರಕ್ಕೆ ಇದನ್ನು 1961ರಿಂದ ಬಳಸುತ್ತಿದ್ದಾರೆ. ಕೈಯ ನರಕ್ಕೆ ಕೊಟ್ಟ ಮೇಲೆ ಮೈ ಸ್ವಲ್ಪ ಹಳದಿಯಾಗುತ್ತದೆ, ಒಂದೆರಡು ದಿನ ಮೂತ್ರ ಗಾಢ ಹಳದಿ ಹೋಗುತ್ತದೆ, ಕೆಲವರಿಗೆ ಆ ಹೊತ್ತಿಗೆ ವಾಕರಿಕೆ. ಇದಕ್ಕೆ ಹೆದರಬೇಡಿ. ತೀವ್ರ ಅಲರ್ಜಿ ಅಪರೂಪ, ಆದರೆ ಆಗುತ್ತದೆ. ಆದ್ದರಿಂದ ಕಿಡ್ನಿ, ಉಬ್ಬಸ, ಹಿಂದಿನ ಅಲರ್ಜಿ, ಇತ್ತೀಚಿನ ಹೃದಯಾಘಾತ ಎಲ್ಲವನ್ನೂ ಮೊದಲೇ ಹೇಳಿ. ಡಯಾಲಿಸಿಸ್ ನಡೆಯುತ್ತಿದ್ದರೆ ಅದನ್ನೂ ತಿಳಿಸಿ, ಪ್ರಮಾಣ ತಗ್ಗಿಸುವುದುಂಟು. ಬಣ್ಣವಿಲ್ಲದೆ ರಕ್ತನಾಳ ತೋರಿಸುವ ಓಸಿಟಿ ಆಂಜಿಯೋ ಕೂಡ ಇದೆ. ಸೋರಿಕೆ ಮಾತ್ರ ಅದರಲ್ಲಿ ಕಾಣುವುದಿಲ್ಲ. ಸೋರುವ ಜಾಗವೇ ಬೇಕಿದ್ದರೆ ಬಣ್ಣದ್ದೇ ಆಗಬೇಕು. ಯಾವುದು ಸಾಕು ಎಂದು ಕೇಳಿ.

ಹೊಸದುರ್ಗ_ತೆಂಗು

ಮನಸ್ಸು ಹಗುರವಾಯಿತು. ಕಿಡ್ನಿಯ ರಿಪೋರ್ಟ್‌ಗಳನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತೇವೆ.

ಚನ್ನಗಿರಿ_ಅಡಿಕೆ

ಸ್ಕ್ಯಾನ್ ಆಯಿತು. ಅದೇ ಯಂತ್ರ. 262 ಇದ್ದದ್ದು 388. ಕಪ್ಪು ಗುಳ್ಳೆಗಳು ನನ್ನ ಕಣ್ಣಿಗೇ ಕಂಡವು. ಭಾವನೂ ಬಂದಿದ್ದರು, ವೈದ್ಯರು ಎರಡೂ ಚಿತ್ರವನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಸರಿ ನಡುವೆ ಲೇಸರ್‌ನ ಗಾಯ ಇಲ್ಲ, ಅಲ್ಲಿನ ಪದರ ಮುರಿದಿಲ್ಲ, ಇರುವುದು ನೀರು ಮಾತ್ರ ಎಂದರು. “ಸುಟ್ಟಿದ್ದಾರೆ” ಎಂಬ ಮಾತನ್ನು ಭಾವ ಆಮೇಲೆ ಎತ್ತಲಿಲ್ಲ. ಪರದೆಯನ್ನು ಎಳೆಯುವ ಪೊರೆ ಇದೆಯೇ ಎಂದು ನೋಡಿ, ಇಲ್ಲ ಎಂದಾದ ಮೇಲೆ ಇಂಜೆಕ್ಷನ್ ಕೊಟ್ಟರು. ಮೂರನೆಯ ಲೇಸರ್ ಮುಂದಕ್ಕೆ ಹಾಕಿದ್ದಾರೆ, ರದ್ದು ಮಾಡಿಲ್ಲ. ಬಿಪಿ ಹೆಚ್ಚಿತ್ತು, ಅದಕ್ಕೂ ಮಾತ್ರೆ ಬದಲಾಯಿಸಿದರು. ಆಂಜಿಯೋ ಬೇಕೇ ಎಂದು ಕೇಳಿದೆ. ಸದ್ಯಕ್ಕೆ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ, ಬೇಡ ಎಂದರು.

ಹರಿಹರದ_ಹೊಳೆ

ಒಳ್ಳೆಯ ಸುದ್ದಿ. ಮನೆಯಲ್ಲಿ ನೋಡಿಕೊಳ್ಳಲು ಚೌಕಳಿ ಹಾಳೆ ಕೊಟ್ಟರೇ? ನಮ್ಮ ಅಮ್ಮ ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಾರೆ. ಗೆರೆ ಬಾಗಿದರೆ ಫೋನ್.

ಚನ್ನಗಿರಿ_ಅಡಿಕೆ

ಕೊಟ್ಟಿದ್ದಾರೆ ಅಕ್ಕಾ, ದೇವರ ಕೋಣೆಯ ಗೋಡೆಗೆ ಅಂಟಿಸಿದ್ದೇವೆ.

ಕಣ್ಣಳತೆ

ಎರಡೂ ಸ್ಕ್ಯಾನ್‌ನ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾಗದ ಮಾಸುತ್ತದೆ. ಎಡಗಣ್ಣಿನದು ಹೇಗಿದೆ?

ಚನ್ನಗಿರಿ_ಅಡಿಕೆ

ಎಡಗಣ್ಣಿನಲ್ಲಿ ಈಗಾಗಲೇ ಸಣ್ಣ ಊತ ಇದೆಯಂತೆ, 318. ಅದಕ್ಕೆ ಮೊದಲು ಇಂಜೆಕ್ಷನ್, ಮತ್ತೆ ಓಸಿಟಿ, ಆಮೇಲೆ ಲೇಸರ್ ಎಂದಿದ್ದಾರೆ. ಅದನ್ನೂ ಒಂದೇ ಸಲಕ್ಕೆ ಬೇಡ, ಬಿಡಿಸಿ ಬಿಡಿಸಿ ಹಾಕುತ್ತಾರೆ. ಕೊಯ್ಲು ಭಾವ ನೋಡಿಕೊಳ್ಳುತ್ತಾರೆ, ಮುಂದಿನ ಸಲ ಅಪ್ಪನನ್ನು ನಾನೇ ಕರೆದೊಯ್ಯುತ್ತೇನೆ. ಅಂಕಿ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ.